ರಬ್ಬರ್ ಚೆಂಡಿನ ಜಕಾತಿ

ಶಿಗ್ಗಾವಿ
ತಾ. ೧೨–೬–೧೯೪೯

ಪ್ರೀತಿಯ ಕುತುಬುದ್ದೀನನಿಗೆ,

ಚನ್ನವೀರಪ್ಪನ ಶರಣು, ಸಲಾಮು ಎರಡೂ. ಯಾವುದು ಮೊದಲು ಕರಾಚಿ ಮುಟ್ಟುತ್ತದೋ ಅದನ್ನು ತೆಗೆದುಕೋ. ದಾವಲಬಿಗೂ ಮಕ್ಕಳಿಗೂ ನಮ್ಮಿಬ್ಬರ ಆಶೀರ್ವಾದ. ನಾನು, ವೀರವ್ವ ಉಂಡು ತಿಂದು ಜಗಳಾಡಿಕೊಂಡು ನೆಟ್ಟಗಿದ್ದೇವೆ. ಮಿರಗದ ಮಳೆ ಶುರುವಾಗಿದೆ. ನಿನ್ನ ಕಾಗದ ಬಂದು ಮೂರು ತಿಂಗಳಾಯಿತು, ಉತ್ತರ ಬರೆಯಲಿಲ್ಲವೆಂದು ನೀನು ಬೈದಿರಬೇಕು. ಬೈಯಿ, ಬೇಡ ಅನ್ನುವುದಿಲ್ಲ. ಆದರೆ ಈ ಕಾಗದಕ್ಕಿಂತ ಮೊದಲೇ ಇನ್ನೊಂದು ವಸ್ತು ನಿನ್ನ ಕೈಸೇರಿರಬಹುದು. ನೀನು ನನಗೆ ಕಳಿಸಿದ ಪಾರ್ಸಲ್ಲು, ಹೊಲಿಗೆ ಬಿಚ್ಚದೆ ಹಾಗೇ ವಾಪಸು. 'ತೆಗೆದುಕೊಳ್ಳಲು ಒಪ್ಪಲಿಲ್ಲ' ಎಂದು ಅದರ ಮೇಲೆ ಬರೆದಿರುತ್ತದೆ. ಅದನ್ನು ನೋಡಿ ನೀನು ನನ್ನ ಬಗ್ಗೆ ಏನು ತಿಳಿದುಕೊಂಡೆಯೋ ಎಂಬ ಚಿಂತೆ ಎಂಟು ದಿನದಿಂದ ನನ್ನನ್ನು ಬಿಟ್ಟಿಲ್ಲ. ಇದನ್ನು ಕಡೆತನಕ ಓದು, ಆಮೇಲೆ ಸಿಟ್ಟಾಗು.

ಮೊದಲು ಹೊಸ ಮೋಟಾರಿನ ಸುದ್ದಿ ಹೇಳುತ್ತೇನೆ. ನಮ್ಮ ಕೆಮ್ಮಿನ ಮೋಟಾರು ನೀನು ಹೋದಾಗಿನಿಂದ ಕೆಮ್ಮುವುದನ್ನೂ ಬಿಟ್ಟಿತು. ಸವಣೂರು, ಶಿಗ್ಗಾವಿ, ಹಾನಗಲ್ಲಿನ ಸರ್ವೀಸು ನಿಂತರೆ ಜನ ನನ್ನ ಮೋರೆ ನೋಡುತ್ತಾರೆಯೇ? ಹುಬ್ಬಳ್ಳಿಗೆ ಹೋಗಿ ಮೋಟಾರು ಮಾರುವವನ ಮುಂದೆ ಕುಳಿತೆ. ಅವನು ಹೇಳಿದ, "ಸಾವ್ಕಾರ್ರ, ಈಗ ಎಲ್ಲಾ ಜಕಾತಿ ಮ್ಯಾಲ ನಿಂತೈತ್ರಿ. ಪರದೇಶದಿಂದ ಇಡೀ ಗಾಡಿ ಬಂತಂದ್ರ ಜಕಾತಿ ಭಾಳ. ಬಿಡಿ ಸಾಮಾನ ತರಿಸಿ ಮುಂಬೈದಾಗ ಜೋಡಿಸಿದ್ರ ಕಡಿಮಿ." ನಾನು ಸುಮ್ಮನಿರುತ್ತೇನೆಯೇ? "ಹಂಗಾರ ನನಗ ಬಿಡಿ ಸಾಮಾನ ಒಂದ್ ಚೀಲದಾಗ ಕಟ್ಟಿ ಕೊಡ್ರಿ. ನಮ್ಮ ಕುತುಬು ಸವಣೂರ ದೊಡ್ಡ ಹುಣಸಿ ಬುಡಕ ಕುಂತು ಸಂಜಿ ಅನ್ನೂದ್ರಾಗ ಜೋಡಿಸ್ತಾನ" ಎಂದೆ. ಅಂಗಡಿಯವರೆಲ್ಲ ನಕ್ಕರು, ನಾನೂ ನಕ್ಕೆ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ, ಕುತುಬು ಎಲ್ಲಿದ್ದಾನೆ ಜೋಡಿಸಲಿಕ್ಕೆ ಎಂದು ನೆನಪಾಯಿತು.

ಅಂತೂ ಮುಂಬಯಿಯಲ್ಲಿ ಜೋಡಿಸಿದ್ದನ್ನೇ ತಂದೆ. ಹಸಿರು ಬಣ್ಣ. ಒಂದು ಗುಂಡಿ ಒತ್ತಿದರೆ ಸಾಕು, ಚಾಲೂ ಆಗುತ್ತದೆ. ಹ್ಯಾಂಡಲ್ ತಿರುಗಿಸಿ ಬೆವರು ಸುರಿಸುವುದು, ಅದರ ತಾಯಿಯನ್ನೂ ಅಜ್ಜಿಯನ್ನೂ ನೆನೆಯುವುದು, ಯಾವುದೂ ಇಲ್ಲ. ಹಾರ್ನಿಗೂ ಒಂದು ಗುಂಡಿ. ಒತ್ತಿದರೆ ಕುರಿಮರಿ ಅರಚಿದಂತೆ ಅರಚುತ್ತದೆ, ಎಮ್ಮೆ ಕೂಡ ಹೊರಳಿ ನೋಡುವುದಿಲ್ಲ. ಪೂಜೆಯ ದಿನ ತೆಂಗಿನಕಾಯಿ ಒಡೆದು ಗಾಲಿಗೆ ನಿಂಬೆಹಣ್ಣು ಇಟ್ಟೆವು. ಹಳೆಯದಕ್ಕೆ ನಾನು ವಿಭೂತಿ ಹಚ್ಚುತ್ತಿದ್ದೆ, ನೀನು ಲೋಬಾನ ಹಾಕುತ್ತಿದ್ದೆ. ಇದಕ್ಕೆ ವಿಭೂತಿಯೊಂದೇ ಆಯಿತು. ವೀರವ್ವ ಆ ಕಡೆ ಈ ಕಡೆ ನೋಡಿ, "ಇನ್ನೂ ಏನೋ ಉಳದೈತಲ್ರೀ" ಎಂದಳು. ಏನು ಉಳಿದಿದೆ ಎಂದು ಇಬ್ಬರಿಗೂ ಗೊತ್ತಿತ್ತು.

ಡ್ರೈವರ ದುಂಡಸಿಯ ಗುದ್ಲೆಪ್ಪ. ಕೆಟ್ಟವನಲ್ಲ, ಗಾಡಿ ಚಲೋ ಹೊಡೆಯುತ್ತಾನೆ. ಆದರೆ ನನ್ನ 'ರೈಟ್'ಗೆ ಕಾಯುವುದೇ ಇಲ್ಲ ಮಾರಾಯ! ನಾನಿನ್ನೂ ಒಂದು ಕಾಲು ನೆಲದ ಮೇಲೆ ಇಟ್ಟಿರುತ್ತೇನೆ, ಗಾಡಿ ಹೊರಟಿರುತ್ತದೆ. ಹಿಂದಿನ ಬಾಗಿಲಲ್ಲಿ ನಿಂತು ತಗಡು ಬಡಿದು ನಾನು ರೈಟ್ ಅನ್ನದೆ ಹದಿನೆಂಟು ವರ್ಷದಲ್ಲಿ ನೀನು ಒಮ್ಮೆಯಾದರೂ ಗೇರು ಹಾಕಿದ್ದುಂಟೇ? ಹೋಲ್ಡಾನ್ ಅಂದರೆ ಇಳಿಜಾರಿದ್ದರೂ ನಿಲ್ಲಿಸಿದವನು ನೀನು. ಬಂಕಾಪುರದ ಹತ್ತಿರ ಸಾವಂತ್ರವ್ವ ಮುದುಕಿಯ ಕೋಳಿ ಬುಟ್ಟಿಯಿಂದ ಹಾರಿ ರಸ್ತೆಗೆ ಬಿದ್ದಾಗ ನಾನು ಹೋಲ್ಡಾನ್ ಎಂದು ಒದರಿದೆ. ನೀನು ಗಾಡಿ ನಿಲ್ಲಿಸಿದ್ದಷ್ಟೇ ಅಲ್ಲ, ಇಳಿದು ಜೋಳದ ಹೊಲದಲ್ಲಿ ಅದರ ಬೆನ್ನು ಹತ್ತಿದೆ. ಕೂತವರೆಲ್ಲ ಇಳಿದು ಹಿಡಿ ಹಿಡಿ ಎಂದು ಓಡಿದರು. ಹಾನಗಲ್ ಕೋರ್ಟಿಗೆ ಹೊರಟಿದ್ದ ವಕೀಲರು ಕೂಡ ಧೋತರ ಎತ್ತಿ ಕಟ್ಟಿ ಓಡಿದ್ದು ನೆನಪಿದೆಯೇ?

ಧಾರವಾಡದ ಪಿಂಚಣಿ ಸಾಹೇಬರಿಂದ ಆ ಹಳೆಯ ಗಾಡಿ ಕೊಂಡಾಗ ಅವರು, "ಡ್ರೈವರನ್ನೂ ಕರಕೊಂಡ್ ಹೋಗ್ರಿ, ಇವನ ಹೊರ್ತು ಇದು ಯಾರ ಮಾತೂ ಕೇಳಂಗಿಲ್ಲ" ಅಂದಿದ್ದರು. ಗಾಡಿಯ ಜೊತೆಗೆ ನೀನು ಬಂದೆ. ಮೂವತ್ತಾರರಲ್ಲಿ ಹಾನಗಲ್ಲಿನ ಆನೆಕೆರೆಯ ದಂಡೆಯ ಮೇಲೆ ಹ್ಯಾಂಡಲ್ ತಿರುಗಿ ಹೊಡೆದು ನಿನ್ನ ಬಲಗೈ ಮಣಿಕಟ್ಟು ಮುರಿಯಿತು. ಬಿದಿರು ಸೀಳಿ ಕಟ್ಟಿಸಿಕೊಂಡು ಎಡಗೈಯಲ್ಲಿ ಚಕ್ರ ಹಿಡಿದೆ, ಪಕ್ಕದಲ್ಲಿ ಕುಳಿತು ಗೇರು ಹಾಕುವ ಕೆಲಸ ನನ್ನದು. "ಎರಡು ಹಾಕಣ್ಣಾ" ಎಂದು ನೀನಂದೆ, ನಾನು ಹಾಕಿದೆ. "ಮೂರು" ಅಂದೆ, ಅದನ್ನೂ ಹಾಕಿದೆ. ಎತ್ತಿನ ಬಂಡಿಗೆ ದಾರಿ ಬಿಟ್ಟು ನಿಂತು ಮತ್ತೆ ಹೊರಡುವಾಗ ಏನು ಹಾಕಿದೆನೋ, ಗಾಡಿ ಹಿಂದೆ ಸರಿಯತೊಡಗಿತು. "ಅಣ್ಣಾ, ಮತ್ತ ಹಾನಗಲ್ಲಿಗೇ ಹೊಂಟ್ವೆಲ್ಲೋ!" ಎಂದು ಆ ನೋವಿನಲ್ಲೂ ನಕ್ಕೆಯಲ್ಲ, ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನ ಮೇಲೆ ಓಡಿಸಿದೆವು. ಮನೆಗೆ ಬರುವಷ್ಟರಲ್ಲಿ ಇಬ್ಬರ ಮೋರೆಯೂ ಬಾಣಲೆಯ ತಳ. ಒಮ್ಮೆ ಹಬ್ಬಕ್ಕೆ ಬಂದಿದ್ದ ದಾವಲಬಿ ನಮ್ಮಿಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿ, "ವೀರಕ್ಕಾ, ಇವರಿಬ್ಬರಾಗ ನಮ್ಮಾವ್ರು ಯಾರ್ರೀ?" ಎಂದಳು. ವೀರವ್ವ, "ಯಾಂವ ಆದ್ರ ಏನವಾ, ಒಬ್ಬನ್ನ ಒಯ್ಯಿ, ಉಳಿದಾಂವಗ ನಾ ನೀರು ಕಾಸ್ತೇನಿ" ಎಂದಳು. ಹೊಸ ಮೋಟಾರು ಬಂದು ಎರಡು ತಿಂಗಳಾಯಿತು, ನಮ್ಮ ಮನೆಯಲ್ಲಿ ಯಾರೂ ಹಾಗೆ ನಕ್ಕಿಲ್ಲ.

ಈಗ ಪಾರ್ಸಲ್ಲಿನ ಕಥೆ ಕೇಳು. ಹಳೆಯ ಗಾಡಿಯ ಹಾರ್ನಿನ ರಬ್ಬರ್ ಚೆಂಡು ಹರಿದಿದೆ, ಭೋಂ ಅನ್ನುವ ದನಿ ಹೋಯಿತು ಎಂದು ನಾನು ದೀಪಾವಳಿಯ ಕಾಗದದಲ್ಲಿ ಸುಮ್ಮನೆ ಬರೆದಿದ್ದೆ. ಕರಾಚಿಯ ಗುಜರಿ ಬಜಾರವನ್ನೆಲ್ಲ ಅಲೆದು ಒಂದು ಚೆಂಡು ಹುಡುಕಿದ್ದೇನೆ ಎಂದು ನೀನು ಬರೆದೆ, ಆಮೇಲೆ ಅದನ್ನು ಕಳಿಸಿದೆ. ಪೋಸ್ಟ್ ಮಾಸ್ತರ ಕರಿಬಸಪ್ಪ ಹೇಳಿ ಕಳಿಸಿದ, ಹೋದೆ. "ಬರ್ರಿ ಸಾವ್ಕಾರ್ರ, ಕುಂದರ್ರಿ. ನಿಮಗ ಪರದೇಶದಿಂದ ಪಾರ್ಸಲ್ ಬಂದೈತಿ. ಜಕಾತಿ ಕೊಟ್ಟು ಇಲ್ಲೊಂದು ಸಹಿ ಮಾಡ್ರಿ" ಎಂದ.

"ಪರದೇಶದಾಗ ನನಗ ಯಾರದಾರ?" ಎಂದೆ.

"ಕರಾಚಿಯಿಂದ್ರಿ."

"ಅದು ನಮ್ಮ ಕುತುಬು ಕಳಿಸಿದ್ದೋ! ಅಂವ ಸವಣೂರಾಂವ."

"ಹೌದ್ರಿ, ನಾ ಅಲ್ಲ ಅಂದೆನೇನು? ಆದ್ರ ಈಗ ಅದು ಪರದೇಶ, ಕಳಿಸಿದಾವ್ರೂ ಪರದೇಶದಾವ್ರ. ಚೀಟಿಯೊಳಗ ಹಂಗ ಬರದೈತಿ ನೋಡ್ರಿ."

ಕುತುಬು, ನನಗೆ ತಲೆ ಕೆಟ್ಟುಹೋಯಿತು. ಅಲ್ಲಿಯವರು ನಿಮ್ಮ ಸವಣೂರಿನ ಉರ್ದು ಕೇಳಿ ನಗುತ್ತಾರೆ, ಪರದೇಶಿ ಅನ್ನುತ್ತಾರೆ ಎಂದು ನೀನೇ ಬರೆದಿದ್ದೆ. ಅವರ ಮಾತಿನಲ್ಲಿ ಏನರ್ಥವೋ ನನಗೆ ಗೊತ್ತಿಲ್ಲ. ನಮ್ಮ ಕಡೆ ಪರದೇಶಿ ಎಂದರೆ ಹೇಳುವವರು ಕೇಳುವವರು ಯಾರೂ ಇಲ್ಲದವನು. ಸವಣೂರು ನವಾಬರ ಸಂಸ್ಥಾನವಾಗಿತ್ತು, ಶಿಗ್ಗಾವಿ ಬ್ರಿಟಿಷರದು. ನಾವು ದಿನಕ್ಕೆ ನಾಲ್ಕು ಸಲ ಒಬ್ಬರ ರಾಜ್ಯದಿಂದ ಇನ್ನೊಬ್ಬರ ರಾಜ್ಯಕ್ಕೆ ವೀಳ್ಯದೆಲೆಯ ಪೆಂಡಿ, ಬಾಣಂತಿಯರು, ಬೀಗರನ್ನೆಲ್ಲ ಹೇರಿಕೊಂಡು ಓಡಾಡಿದೆವು. ಆಗ ಯಾರೂ ನಿನ್ನನ್ನು ಪರದೇಶದವನು ಅನ್ನಲಿಲ್ಲ. ಅಲ್ಲಿಯೂ ಪರದೇಶಿ, ನಮ್ಮೂರಿನ ಚೀಟಿಯಲ್ಲಿಯೂ ಪರದೇಶಿ ಎಂದು ನನ್ನ ಕೈಯಿಂದ ಸಹಿ ಮಾಡಲೇ? ಲೇಖಣಿ ಒಗೆದೆ. "ಸಹಿ ಮಾಡ್ಲಿಲ್ಲಂದ್ರ ತಿರುಗಿ ಹೋಗ್ತೈತ್ರಿ" ಎಂದ ಕರಿಬಸಪ್ಪ. "ಹೋಗ್ಲಿ!" ಎಂದು ಒದರಿ ಎದ್ದುಬಂದೆ.

ಮನೆಗೆ ಬಂದು ದೊಡ್ಡ ಗಂಡಸ್ತನ ಮಾಡಿದವನಂತೆ ವೀರವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಚಲೋ ಮಾಡಿ ಬಂದ್ರಿ. ಆ ಹಸರ ಮೋಟಾರಿಗೆ ಕೇಳಿದಷ್ಟು ಜಕಾತಿ ಕೊಟ್ರಿ, ಅದೇನು ನಿಮ್ಮ ಅಣ್ಣತಮ್ಮ ಕಳಿಸಿದ್ದಾ? ಕುತುಬಣ್ಣನ ಚೆಂಡಿಗೆ ಮಾತ್ರ ಸಿಟ್ಟು ಬಂತು ನಿಮಗ. ಮೋಟಾರು ಜಕಾತಿ ಕೊಟ್ರ ಬರ್ತೈತಿ. ಕುತುಬಣ್ಣ, ದಾವಲಬಿ ಬರಾಕ ಎಷ್ಟು ಜಕಾತಿ ಅಂತ ಕೇಳಿ ಬರ್ರಿ ಹೋಗ್ರಿ, ನನ್ನ ಕೈಯಾಗಿನ ಬಂಗಾರದ ಬಿಲ್ವಾರ ಕೊಡ್ತೇನಿ" ಎಂದವಳೇ ಸೆರಗು ಬಾಯಿಗೆ ಹಿಡಿದು ಅತ್ತುಬಿಟ್ಟಳು. ಮರುದಿನ ಬೆಳಗಾಗುತ್ತಲೇ ಟಪಾಲು ಆಫೀಸಿಗೆ ಓಡಿದೆ. ಚೀಲ ಹೋಗಿಯಾಗಿತ್ತು.

ಅದಕ್ಕೇ ಹೇಳುತ್ತೇನೆ, ಆ ಚೆಂಡನ್ನು ಮತ್ತೆ ಕಳಿಸು. ಈ ಸಲ ಎಲ್ಲಿ ಬೇಕೋ ಅಲ್ಲಿ ಸಹಿ ಮಾಡುತ್ತೇನೆ, ಅವರು ನಿನ್ನನ್ನು ಏನು ಬೇಕಾದರೂ ಅಂದುಕೊಳ್ಳಲಿ. ಹಳೆಯ ಗಾಡಿಯನ್ನು ನಾನು ಮಾರಿಲ್ಲ. ಹುಬ್ಬಳ್ಳಿಯವನು ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ಬಿಡುತ್ತೇನೆ ಅಂದಿದ್ದ, ಗುದ್ಲೆಪ್ಪ ಅರ್ಧ ದಿನ ಹ್ಯಾಂಡಲ್ ಹೊಡೆದರೂ ಅದು ಜಪ್ಪಯ್ಯ ಅನ್ನಲಿಲ್ಲ. ಹಿತ್ತಿಲ ಬೇವಿನ ಮರದ ಕೆಳಗೆ ನಿಂತಿದೆ. ನಿನ್ನ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿದೆ. ಚೆಂಡು ಬಂದರೆ ನಾನೇ ಹಾಕುತ್ತೇನೆ, ಒಮ್ಮೆ ಭೋಂ ಅನ್ನಿಸಿದರೆ ಸಾಕು.

ರಂಜಾನ್ ಹತ್ತಿರ ಬಂತು. ವೀರವ್ವ ಹುಲಗೂರ ದರ್ಗಾಕ್ಕೆ ಹೋಗಿ ನಿನ್ನ ಮಕ್ಕಳ ಹೆಸರಿನಲ್ಲಿ ಫಾತಿಹಾ ಕೊಡಿಸಿ, ಸಕ್ಕರೆ ಓದಿಸಿಕೊಂಡು ಬಂದಿದ್ದಾಳೆ. ನಾನು ಲಿಂಗಪೂಜೆಗೆ ಕೂತಾಗ ನಿಮ್ಮೆಲ್ಲರನ್ನೂ ನೆನೆಯುತ್ತೇನೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಮಕ್ಕಳು ಕನ್ನಡ ಮರೆಯದ ಹಾಗೆ ನೋಡಿಕೋ, ದಿನಕ್ಕೆ ಎರಡು ಸಲವಾದರೂ ಕನ್ನಡದಲ್ಲಿ ಬೈಯಿ.

ನಿನ್ನ ಅಣ್ಣ,
ಚನ್ನವೀರಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಮೂರು ತಿಂಗಳು ಕಾಗದ ಬರೆಯದೆ ಇದ್ದದ್ದು ಹೊಸ ಮೋಟಾರಿನ ಗಡಿಬಿಡಿಗಲ್ಲ. ನಿನ್ನ ಕಾಗದದ ಕೊನೆಯಲ್ಲಿ, "ಅಣ್ಣಾ, ಅವತ್ತು ನಾ ಹೊಂಟಿದ್ದು ತಪ್ಪಾತೇನೋ" ಎಂದು ಬರೆದಿದ್ದೆ. ಅದಕ್ಕೆ ಉತ್ತರ ಬರೆಯಲು ನನ್ನ ಕೈ ಏಳಲಿಲ್ಲ. ತಪ್ಪು ನಿನ್ನದಲ್ಲ ಕುತುಬು. ದೇಶ ಒಡೆದ ಆ ಗದ್ದಲದ ದಿನಗಳಲ್ಲಿ ಶಿಗ್ಗಾವಿ ಸ್ಟ್ಯಾಂಡಿನಲ್ಲಿ ನಾಲ್ಕು ಜನ ಗಾಡಿ ಹತ್ತಿ, ಡ್ರೈವರ ಯಾರು ಎಂದು ಕೇಳಿ, ನಿನ್ನ ಹೆಸರು ಹೇಳಿದ್ದಕ್ಕೆ ಇಳಿದುಹೋದರು. ಅವರನ್ನು ನಾನು ಬೈಯಲಿಲ್ಲ, ಟಿಕೆಟ್ ಚೀಟಿ ನೋಡುತ್ತ ನಿಂತೆ. ನೀನು ಕನ್ನಡಿಯಲ್ಲಿ ಅದನ್ನು ನೋಡಿದೆ. ಅದಾದ ವಾರಕ್ಕೇ ನೀನು ಕರಾಚಿಯ ಮಾತು ತೆಗೆದೆ. ಹೊರಡುವ ದಿನ ದೊಡ್ಡ ಹುಣಸೆಯ ಕೆಳಗೆ ನಿಮ್ಮ ಟ್ರಂಕು ಗಾಡಿಯ ಮೇಲೆ, ದಾವಲಬಿ, ಮಕ್ಕಳು ಒಳಗೆ. ಹುಬ್ಬಳ್ಳಿ ಸ್ಟೇಶನ್ನಿನವರೆಗೆ ನಾನೇ ಹೊಡೆಯುತ್ತೇನೆ ಎಂದು ನೀನು ಚಕ್ರದ ಮುಂದೆ ಕುಳಿತಿದ್ದೆ. ಗಾಡಿ ಚಾಲೂ ಇತ್ತು. ನೀನು ಹೊರಳಿ ನನ್ನನ್ನು ನೋಡಿ, "ಏನಂತೀ ಅಣ್ಣಾ?" ಎಂದೆ. ಹೋಗಬೇಡ ಅನ್ನಲಿ ಎಂದೇ ಕೇಳುತ್ತಿದ್ದೀಯ ಎಂದು ನನಗೆ ಗೊತ್ತಿತ್ತು. ಇವನು ಹೋದರೆ ಸ್ಟ್ಯಾಂಡಿನ ಕಿರಿಕಿರಿ ತಪ್ಪುತ್ತದೆ ಎಂದು ಆ ಗಳಿಗೆಯಲ್ಲಿ ನನಗೆ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ತಗಡು ಬಡಿದು ರೈಟ್ ಎಂದೆ. ನೀನು ಯಾವತ್ತಿನಂತೆ ಗೇರು ಹಾಕಿದೆ. ಮುದುಕಿಯ ಕೋಳಿ ಬಿದ್ದಾಗ ಹೋಲ್ಡಾನ್ ಎಂದು ಒದರಿದವನು ನಾನು. ಅವತ್ತು ಅನ್ನಲಿಲ್ಲ.