ಅಳತೆ ತೆಗೆಯದೆ ಹೊಲಿದ ಕೋಟು

ನನ್ನ ಗುಬ್ಬಿಗೆ,

ಎದುರು ಕೂತು ಹೇಳೋಕೆ ಮುಖ ಇಲ್ಲ ಕಣೇ, ಅದಕ್ಕೇ ಬರೀತಿದ್ದೀನಿ. ನಿನ್ನೆ ನೀನು ಅಂಗಡಿಯಲ್ಲಿ ಕೋಟು ಹಾಕಿ ನೋಡಿ ಹೋದ ಮೇಲೆ ನಿನ್ನ ಗಂಡ ಫೋನ್ ಮಾಡಿದ್ರು. ಹೊಟ್ಟೆಯೊಳಗಿನ ಗಡ್ಡೆ, ಸೋಮವಾರದ ಆಪರೇಷನ್, ಎಲ್ಲ ಹೇಳಿದ್ರು. "ನಿಮಗೆ ಗೊತ್ತಿರುತ್ತಲ್ಲ ಅಕ್ಕ" ಅಂದ್ರು. ನಾನು "ಹ್ಞೂಂ, ಗೊತ್ತು" ಅಂದೆ! ಆ ಹೊತ್ತಲ್ಲೂ ಮರ್ಯಾದೆ ಉಳಿಸಿಕೊಳ್ಳೋಕೆ ಒಂದು ಸುಳ್ಳು.

ಟೇಪ್ ಹಿಡಿಯದೆ ಕತ್ತರಿ ಮುಟ್ಟದವಳು ನಾನು. ಹೋದ ತಿಂಗಳು ಅಳತೆ ಕೊಟ್ಟವರು ಈ ತಿಂಗಳು ಬಂದರೂ ಮತ್ತೆ ಸೊಂಟಕ್ಕೆ ಟೇಪ್ ಸುತ್ತುತ್ತೀನಿ. ಮನೆಯವರಿಗೆ ಮಾತ್ರ ಕಣ್ಣಂದಾಜು. ನನ್ನ ತಂಗಿ ಮೈ ನಂಗೊತ್ತಿಲ್ವಾ ಅನ್ನೋ ಜಂಬ. ಆ ಜಂಬದಲ್ಲೇ ನಿನ್ನ ಕೋಟು ಹೊಲಿದೆ. ನೀನು ಹಾಕ್ಕೊಂಡು ಕನ್ನಡಿ ಮುಂದೆ ನಿಂತಾಗ ಭುಜದ ಹೊಲಿಗೆ ತೋಳಿಗೆ ಜಾರಿತ್ತು, ಬೆನ್ನಲ್ಲಿ ಇನ್ನೊಬ್ಬಳು ಹಿಡಿಸುವಷ್ಟು ಜಾಗ. ಗಿರಾಕಿಗಳ ಮುಂದೆಯೇ ರೇಗಿದೆ: "ಏನೇ, ಡಯಟ್ಟಾ? ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ? ಗಾಳಿ ಬಂದ್ರೆ ಹಾರ್ಹೋಗ್ತೀಯ!" ಎಲ್ಲರೂ ನಕ್ಕರು. ನೀನೂ ನಕ್ಕೆ. "ಇರಲಿ ಬಿಡಕ್ಕ, ಒಳಗೊಂದು ಸ್ವೆಟರ್ ಹಾಕ್ಕೋತೀನಿ" ಅಂದೆ. ನೆನೆಸ್ಕೊಂಡ್ರೆ ಈ ನಾಲಿಗೆ ಕಿತ್ತು ಬಿಸಾಕಬೇಕು ಅನ್ಸುತ್ತೆ.

ನೀನು ಹೇಳೋಕೆ ಬಂದಿದ್ದೆ, ಅಲ್ವಾ? ಅದೂ ಒಂದು ಸಲ ಅಲ್ಲ. ಊಟದ ಬಿಡುವಲ್ಲಿ ಆಫೀಸಿಂದ ಬಂದು, ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಲ್ಲಿ ಕೂತು, "ಅಕ್ಕ, ಒಂದು ಮಾತಿತ್ತು" ಅಂದಿದ್ದೆ. ನಾನು "ಒಂದೇ ನಿಮಿಷ ಇರೇ" ಅಂತ ನಿನ್ನ ಮಡಿಲಿಗೆ ಯಾರದೋ ಅಂಗಿ, ಗುಂಡಿ, ಸೂಜಿದಾರ ಹಾಕಿದೆ. ನೀನು ತಲೆ ಬಗ್ಗಿಸಿ ಗುಂಡಿ ಹಾಕಿ, ದಾರ ಹಲ್ಲಲ್ಲಿ ಕಡಿದು, ಅಂಗಿ ಮಡಚಿಟ್ಟು ಎದ್ದು ಹೋದೆ. ಮುಂದಿನ ಸಲ ಬಂದಾಗಲೂ ಅದೇ. ಹೊಟ್ಟೆನೋವು ನುಂಗಿಕೊಂಡು ಕೂತವಳ ಕೈಲಿ ನಾನು ಗುಂಡಿ ಹಾಕಿಸಿದೆ. ಥೂ ನನ್ನ ಜನ್ಮಕ್ಕೆ.

ಇವತ್ತು ಬೆಳಿಗ್ಗೆ ಅಂಗಡಿ ತೆಗೆದು, ನೇತುಹಾಕಿದ ಬಟ್ಟೆಗಳನ್ನೇ ನೋಡ್ತಾ ನಿಂತೆ. ಇದರಲ್ಲಿ ಯಾವುದನ್ನ ಯೋಚನೆ ಮಾಡಿ ಒಪ್ಕೊಂಡೆ? ಒಂದನ್ನೂ ಇಲ್ಲ. ಯಾರು ಬಂದ್ರೂ "ಆಯ್ತು, ಕೊಟ್ಟು ಹೋಗಿ". "ನಿನ್ ಬಿಟ್ರೆ ಯಾರಿದಾರಮ್ಮ" ಅಂತ ಗಿರಾಕಿಗಳು ಅಂದ್ಬಿಟ್ರೆ ಸಾಕು, ಉಬ್ಬಿ ಹೋಗ್ತಿದ್ದೆ. ಪುರುಸೊತ್ತಿಲ್ಲದೆ ಇರೋದು ನನಗೆ ಕಷ್ಟ ಆಗಿರಲಿಲ್ಲ ಕಣೇ, ಒಡವೆ ಆಗಿತ್ತು. ಹಾಕ್ಕೊಂಡು ಮೆರೆದೆ. ಬಂದವರಿಗೆಲ್ಲ ನನ್ನ ದಿನ ಹಂಚಿ ನಿನಗೆ ಚೂರೂ ಉಳಿಸಲಿಲ್ಲ. "ನಿನಗೆ ಯಾರು ಮುಖ್ಯ?" ಅಂತ ನನ್ನನ್ನ ಯಾರಾದರೂ ಕೇಳಿದ್ದರೆ ಥಟ್ ಅಂತ ನಿನ್ನನ್ನೇ ತೋರಿಸ್ತಿದ್ದೆ. ಯಾರೂ ಕೇಳಲಿಲ್ಲ, ನಾನೂ ಕೇಳ್ಕೊಳ್ಳಲಿಲ್ಲ.

ಅಷ್ಟರಲ್ಲಿ ಹೋಟೆಲ್ ಮ್ಯಾನೇಜರು ಕೆಲಸದವರ ಯೂನಿಫಾರಂ ಬಟ್ಟೆ ಹೊತ್ತು ತಂದ್ರು. ಈ ವಾರವೇ ಬೇಕಂತೆ. "ಆಗಲ್ಲ ಸಾರ್" ಅಂದೆ. ಅನ್ನೋ ಮೊದಲು ನಾಲಿಗೆ ತಡವರಿಸಿತು. ಅವರು ಪಿಳಿಪಿಳಿ ನೋಡಿ, ಗಂಟು ಎತ್ಕೊಂಡು ಎದುರಂಗಡಿಗೆ ಹೋದ್ರು. ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ. ಇಷ್ಟು ಸಣ್ಣ ಮಾತನ್ನ ನಿನಗೋಸ್ಕರ ಒಂದು ದಿನವೂ ಆಡಲಿಲ್ಲವಲ್ಲ ಅಂತ ಇನ್ನಷ್ಟು ಕುಗ್ಗಿ ಹೋದೆ.

ಇನ್ಮೇಲೆ ಹಾಗಿರ್ತೀನಿ ಹೀಗಿರ್ತೀನಿ ಅಂತ ದೊಡ್ಡ ಮಾತಾಡಲ್ಲ. ಕ್ಷಮಿಸು ಅಂತಲೂ ಕೇಳಲ್ಲ. ಆಪರೇಷನ್ ಮುಂದಿಟ್ಕೊಂಡವಳಿಗೆ ಅದೊಂದು ಕೆಲಸ ಬೇರೆ ಯಾಕೆ? ಸೋಮವಾರ ಅಂಗಡಿ ತೆಗೆಯಲ್ಲ. ನೀನು ಕರೆದರೆ ನಿನ್ನ ಮಂಚದ ಪಕ್ಕ ಇರ್ತೀನಿ. ಬೇಡ ಅಂದರೆ, ಅದೂ ನ್ಯಾಯವೇ, ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ. ಕಣ್ಣು ಬಿಟ್ಟ ಮೇಲೆ ಬೈಬೇಕು ಅನ್ಸಿದ್ರೆ ಬೈ, ಅಳಬೇಕು ಅನ್ಸಿದ್ರೆ ಅಳು, ಸುಮ್ನಿರಬೇಕು ಅನ್ಸಿದ್ರೆ ಸುಮ್ನಿರು. ಅವತ್ತು ನನ್ನ ಕೈಯಲ್ಲಿ ಯಾರ ಬಟ್ಟೆಯೂ ಇರಲ್ಲ.

ಬೇಗ ಗುಣವಾಗಿ, ಮೈ ತುಂಬಿಕೊಂಡು, ನೂರು ಕಾಲ ಬಾಳು ನನ್ನ ತಾಯಿ.

ತಲೆ ತಗ್ಗಿಸಿ ಕೂತಿರುವ
ನಿನ್ನ ಅಕ್ಕ