ಇಪ್ಪತ್ತೈದು ಎಲ್ಲಿಂದ ಬಂತು

ಜೂನ್ 3, ಮಂಗಳವಾರ
ಕರಡು ನೀತಿಯ ಆರನೇ ಅಧ್ಯಾಯ ಮುಗಿಯಿತು — ದೂರಶಿಕ್ಷಣ ಕೇಂದ್ರಗಳ ವಿಲೀನ. ಇಪ್ಪತ್ತೈದಕ್ಕಿಂತ ಕಡಿಮೆ ವಿದ್ಯಾರ್ಥಿಗಳಿದ್ದರೆ ಕೇಂದ್ರ ಮುಚ್ಚುವುದು. ಪಾಠ ಮೊಬೈಲಿನಲ್ಲಿ, ಪರೀಕ್ಷೆ ನಗರದ ದೊಡ್ಡ ಕೇಂದ್ರದಲ್ಲಿ. ನಲವತ್ತೊಂದು ಕೇಂದ್ರಗಳು ಪಟ್ಟಿಗೆ ಬಿದ್ದವು. ನಿರ್ದೇಶಕರಿಗೆ ಖುಷಿ. "ಅಚ್ಚುಕಟ್ಟಾಗಿದೆ ನೋಡಮ್ಮ" ಎಂದರು. ಪ್ರಿಂಟರ್ ಮಾತ್ರ ನಾಲ್ಕು ಹಾಳೆ ನುಂಗಿತು.

ಜೂನ್ 5
ಸಮಿತಿಯ ಮುಂದೆ ಹೋಗುವ ಮೊದಲು ಒಂದಾದರೂ ಕೇಂದ್ರ ನೋಡಿ ಬಂದ ವರದಿ ಬೇಕಂತೆ. ಶಾಸ್ತ್ರಕ್ಕೆ. ಪಟ್ಟಿಯಲ್ಲಿ ಇದ್ದುದರಲ್ಲಿ ಹತ್ತಿರದ್ದೇ ಆರಿಸಿದೆ. ಅಂಚೆ ಕಚೇರಿಯ ಮೇಲಿನ ಕೋಣೆ, ಹನ್ನೊಂದು ವಿದ್ಯಾರ್ಥಿಗಳು. ಭಾನುವಾರ ಹೋದರಾಯಿತು.

ಜೂನ್ 8, ಭಾನುವಾರ
ಹೋಗಿ ಬಂದೆ. ಏಳು ಜನ ಇದ್ದರು. ಪಾಠ ಮಾಡುವವರು ಯಾರೂ ಇಲ್ಲ. ಕೇಂದ್ರ ನೋಡಿಕೊಳ್ಳುವ ನಿವೃತ್ತ ಗ್ರಂಥಪಾಲಕರು ಕಿಟಕಿಯ ಬಳಿ ಕೂತು ಹಳೆಯ ಪುಸ್ತಕಗಳಿಗೆ ರಟ್ಟು ಅಂಟಿಸುತ್ತಿದ್ದರು. "ತರಗತಿ ನಡೆಯುತ್ತಿಲ್ಲ" ಎಂದು ಬರೆದುಕೊಂಡೆ. ಏಳೂ ಜನ ತಲೆ ಎತ್ತದೆ ಓದುತ್ತಿದ್ದರು. ಅದನ್ನು ಬರೆಯಲು ನಮೂನೆಯಲ್ಲಿ ಜಾಗವಿಲ್ಲ.

ಕೊನೆಯ ಬೆಂಚಿನಲ್ಲಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಹೆಂಗಸು. ಪದವಿಯ ಮೂರನೇ ವರ್ಷ.
"ಪಾಠ ಮೊಬೈಲಲ್ಲೇ ಬರುತ್ತಲ್ಲ, ಇಲ್ಲಿಗ್ಯಾಕೆ ಬರ್ತೀರಿ?" ಎಂದೆ.
"ಮನೇಲಿ ನಾನು ಪುಸ್ತಕ ಹಿಡಿದ್ರೆ ಎಲ್ಲರಿಗೂ ಅದೇ ಹೊತ್ತಿಗೆ ನೀರಡಿಕೆ ಆಗುತ್ತೆ ಮೇಡಂ. ಇಲ್ಲಿ ಯಾರೂ ನನ್ನ ಕರೆಯಲ್ಲ."
"ಪರೀಕ್ಷೆ ನಗರದಲ್ಲಿ ಆದ್ರೆ?"
"ಎರಡು ಬಸ್ಸು. ಹೋಗಿ ಬರೋಕೆ ಐದು ಗಂಟೆ. ಅಷ್ಟು ಹೊತ್ತು ಕೆಲಸದಲ್ಲಿ ಬಿಡಲ್ಲ." ನಕ್ಕಳು. "ಎರಡೇ ಪೇಪರ್ ಉಳಿದಿದ್ದು."

ಹೊರಡುವಾಗ ಗ್ರಂಥಪಾಲಕರು ಮೆಟ್ಟಿಲ ತನಕ ಬಂದರು. "ಇಪ್ಪತ್ತೈದು ಅನ್ನೋದು ಎಲ್ಲಿಂದ ಬಂತು ಮೇಡಂ? ಸುಮ್ನೆ ತಿಳ್ಕೊಳ್ಳೋಣ ಅಂತ."
"ಅಧ್ಯಯನ ಮಾಡಿದ್ದೀವಿ" ಎಂದೆ.

ಜೂನ್ 9
ಅಧ್ಯಯನ! ಮಾರ್ಚಿನಲ್ಲಿ ನಿರ್ದೇಶಕರು ಫೋನಿನಲ್ಲಿ "ಸದ್ಯಕ್ಕೊಂದು ಸಂಖ್ಯೆ ಹಾಕಿಡು, ಆಮೇಲೆ ನೋಡೋಣ" ಅಂದಿದ್ದರು. ಊಟದ ಡಬ್ಬಿ ಮುಚ್ಚುತ್ತ ಹಾಕಿದ್ದು. ಇಪ್ಪತ್ತು ಬೋಳು ಬೋಳಾಗಿ ಕಂಡಿತು, ಮೂವತ್ತು ಜಾಸ್ತಿ ಅನ್ನಿಸಿತು. ಇವತ್ತು ಹಳೆಯ ಕಡತ ತೆಗೆದು ನೋಡಿದೆ. ಎರಡನೇ ಕರಡಿನಲ್ಲಿ ಅದು "ಸೂಕ್ತ ಮಿತಿ". ಮೂರನೆಯದರಲ್ಲಿ "ತಜ್ಞರ ಅಭಿಪ್ರಾಯದಂತೆ".
ತಜ್ಞರು ಅಂದರೆ ನಾನೇ.

ಜೂನ್ 12
ಊಟ ಸೇರುತ್ತಿಲ್ಲ. ಇವರು ಪ್ರವಾಸದಲ್ಲಿದ್ದಾರೆ. ಅತ್ತೆಯ ಹತ್ತಿರ ಹೇಳಿದೆ. ಮೂವತ್ತು ವರ್ಷ ಟೈಲರಿಂಗ್ ಮಾಡಿದವರು. ಕಣ್ಣು ಮಂಜಾದರೂ ಬಾಯಿ ಇನ್ನೂ ಕತ್ತರಿ.
"ಅಂಗಿ ತಪ್ಪು ಕತ್ತರಿಸಿದ್ರೆ ಗಿರಾಕಿಗೆ ಮೊದಲೇ ಹೇಳ್ಬೇಕು ಕಣೇ. ಹೊಲಿದು ಕೊಟ್ಟ ಮೇಲೆ 'ನಿಮ್ಮ ಮೈಯೇ ಸರಿಯಿಲ್ಲ' ಅನ್ನೋಕಾಗುತ್ತಾ?"
"ಬಡ್ತಿ ಹೋಗುತ್ತೆ ಅತ್ತೆ."
"ಹೋಗ್ಲಿ ಬಿಡು. ನಿದ್ದೆಯಾದ್ರೂ ಬರುತ್ತೆ."

ಜೂನ್ 17, ಸಮಿತಿ ಸಭೆ
ಹೇಳಿಬಿಟ್ಟೆ. ಆರನೇ ಅಧ್ಯಾಯ ಬಂದಾಗ ಎದ್ದು ನಿಂತೆ. "ಈ ಸಂಖ್ಯೆಗೆ ಆಧಾರ ಇಲ್ಲ. ನಾನೇ ಅಂದಾಜಿಗೆ ಹಾಕಿದ್ದು." ಅಧ್ಯಕ್ಷೆ ಕನ್ನಡಕ ತೆಗೆದರು. "ನಲವತ್ತೊಂದು ಕೇಂದ್ರ ಅಂದಾಜಿಗೆ ಮುಚ್ತಿದ್ವಾ?" ಭಾನುವಾರ ಕಂಡದ್ದನ್ನು ಹೇಳಿದೆ — ಆ ಕೋಣೆಯಲ್ಲಿ ನಾವು ಕೊಡುತ್ತಿರುವುದು ಪಾಠವಲ್ಲ, ಯಾರೂ ಕರೆಯದ ಒಂದು ಜಾಗ ಎಂದು. ಯಾರೋ ಕೆಮ್ಮಿದರು.

ತೀರ್ಮಾನ: ಪಟ್ಟಿಗೆ ತಡೆ. ನಲವತ್ತೊಂದನ್ನೂ ಕಣ್ಣಾರೆ ನೋಡಿ ವರದಿ ಕೊಡಬೇಕು. ಅಲ್ಲಿಯವರೆಗೆ ಪರೀಕ್ಷೆ ಅಲ್ಲಲ್ಲೇ. ನೋಡಬೇಕಾದವಳು — ಇನ್ಯಾರು, ನಾನೇ. ಬಡ್ತಿಯ ಸುದ್ದಿ ಯಾರೂ ಎತ್ತಲಿಲ್ಲ.

ಕಾರಿಡಾರಿನಲ್ಲಿ ನಿರ್ದೇಶಕರು ತಡೆದರು. "ನನ್ನ ಹೆಸರು ಯಾಕೆ ಹೇಳ್ಲಿಲ್ಲ?"
"ಬರೆದಿದ್ದು ನನ್ನ ಕೈ ಸರ್."
ಕೈಲಿದ್ದ ಕಡತ ಕಂಕುಳಿಗೆ ಸಿಕ್ಕಿಸಿಕೊಂಡರು. ಆಮೇಲೆ, "ಟೀ ಆಯ್ತಾ?"

ಜುಲೈ 20
ಹದಿನಾಲ್ಕು ಕೇಂದ್ರ ನೋಡಿ ಆಯಿತು. ಬಸ್ಸಿನ ಕುಲುಕಾಟಕ್ಕೆ ಸೊಂಟ ಕೈಕೊಟ್ಟಿದೆ. ಮೂರು ಕೇಂದ್ರಗಳನ್ನು ಮುಚ್ಚಲೇಬೇಕು — ಬೀಗ ತುಕ್ಕು ಹಿಡಿದಿದೆ, ಹಾಜರಿ ಪುಸ್ತಕದಲ್ಲಿ ಮಾತ್ರ ಜನ. ಹಾಗೆಯೇ ಬರೆದೆ. ಇನ್ನೊಂದು ಕಡೆ ಆರೇ ಜನ, ಆರೂ ಜನ ಅಂಧರು, ಒಬ್ಬರಿಗೊಬ್ಬರು ಧ್ವನಿಮುದ್ರಿಕೆ ಹಂಚಿಕೊಂಡು ಓದುತ್ತಾರೆ. ಯಾವ ಸಂಖ್ಯೆ ಹಾಕಿದ್ದರೂ ಇವರಿಗೆ ಕುತ್ತೇ.

ಆಗಸ್ಟ್ 24, ಭಾನುವಾರ, ಬೆಳಿಗ್ಗೆ 10.10
ಅಂಚೆ ಕಚೇರಿಯ ಮೇಲಿನ ಕೋಣೆ. ಪರೀಕ್ಷೆಗೆ ವೀಕ್ಷಕಳಾಗಿ ಕೇಳಿ ಹಾಕಿಸಿಕೊಂಡೆ. ಹತ್ತಕ್ಕೆ ಪ್ರಶ್ನೆಪತ್ರಿಕೆ ಹಂಚಿಯಾಯಿತು. ಹತ್ತು ಜನ ಬರೆಯುತ್ತಿದ್ದಾರೆ. ಕೊನೆಯ ಬೆಂಚು ಖಾಲಿ.

10.20
ಗ್ರಂಥಪಾಲಕರು ಕೆಳಗೆ ಹೋಗಿ ಆಸ್ಪತ್ರೆಗೆ ಫೋನ್ ಮಾಡಿ ಬಂದರು. ಬದಲಿ ಆಳು ಬಂದಿಲ್ಲವಂತೆ, ಬೆಳಗಿನ ಪಾಳಿ ಬಿಡಲಿಲ್ಲವಂತೆ. ಅರ್ಧ ಗಂಟೆ ದಾಟಿದರೆ ಒಳಗೆ ಬಿಡುವಂತಿಲ್ಲ. ಈ ನಿಯಮಕ್ಕೆ ಆಧಾರ ಇದೆ. ಮುರಿಯಲಾರೆ. ಗಡಿಯಾರ ನೋಡದೆ ಇರಲೂ ಆರೆ.

10.27
ಮೆಟ್ಟಿಲ ಮೇಲೆ ಓಡಿ ಬರುವ ಸದ್ದು — ಬಂದಳು. ಏದುಸಿರು. ಕೈ ಇನ್ನೂ ಒದ್ದೆ, ಉತ್ತರಪತ್ರಿಕೆ ಮುಟ್ಟಲು ಹೆದರಿ ನಿಂತಿದ್ದಾಳೆ. ನನ್ನ ಕರವಸ್ತ್ರ ಎಲ್ಲಿ…