ನಾದಿನಿ ಕೊಟ್ಟ ಡಬ್ಬಿ

ಗುರುವಾರ, ಮಾರ್ಚ್ ೧೪

ಕೆರೆತ ಇವತ್ತೂ ನಿಂತಿಲ್ಲ. ಥೈರಾಯ್ಡ್ ತಗ್ಗಿಸುವ ಮಾತ್ರೆ ಶುರುವಾದಾಗಿನಿಂದ ಕೈತುಂಬ ದದ್ದು. ಅದನ್ನು ನೋಡಿಯೇ ನಾದಿನಿ ಹೋದ ತಿಂಗಳು, "ತಗೊಳ್ಳಿ ಅತ್ತಿಗೆ, ಚರ್ಮಕ್ಕೆ ಒಳ್ಳೇದು," ಅಂತ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆಯ ಡಬ್ಬಿ ತಂದುಕೊಟ್ಟಿದ್ದು. ಹದಿನೆಂಟು ವರ್ಷ ಔಷಧಿ ಅಂಗಡಿಯಲ್ಲಿ ನಿಂತವಳಿಗೆ ಇವಳ ಪಾಠ. ಇಂಥ ಡಬ್ಬಿಗೆ ಬಾಯಿಬಿಡುವ ಪೆದ್ದರನ್ನು ದಿನಾ ನೋಡುತ್ತೇನೆ. ಜಾಹೀರಾತು ಬಾಯಿಪಾಠ, ಡಬ್ಬಿಯ ಹಿಂದಿನ ಸಣ್ಣಕ್ಷರ ಮಾತ್ರ ಕಣ್ಣಿಗೆ ಬೀಳದು.

ಇವತ್ತು ಡಾಕ್ಟರು ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದರು. "ತೂಕ ಬಂದಿದೆ, ನಾಡಿ ಸರಿಯಾಗಿದೆ. ಹಾರ್ಮೋನ್ ಮಾತ್ರ ಯಾಕೆ ಇಷ್ಟು ಜಾಸ್ತಿ? ಬಯೋಟಿನ್ ಏನಾದ್ರೂ ತಗೋತಿದ್ದೀರಾ? ಅದಿದ್ರೆ ರಿಪೋರ್ಟ್ ತಪ್ಪು ಬರತ್ತೆ."

"ಅಂಥದ್ದಕ್ಕೆಲ್ಲ ನಾನು ಬೀಳೋಳಲ್ಲ," ಅಂತ ಮೂಗು ಮುರಿದೆ.

"ಹಾಗಾದ್ರೆ ಡೋಸ್ ಏರಿಸ್ಬೇಕು. ಕೆರೆತ ಇನ್ನೂ ಜಾಸ್ತಿ ಆಗ್ಬಹುದು."

ಡಬ್ಬಿ ಬೀರುವಿನಲ್ಲಿ, ಬಟ್ಟೆಗಳ ಅಡಿಯಲ್ಲಿದೆ. ಅರವತ್ತು ಮಾತ್ರೆಯಲ್ಲಿ ಉಳಿದಿರುವುದು ಇಪ್ಪತ್ತನಾಲ್ಕು. ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡಿ ಒಪ್ಪಿಕೊಳ್ಳಬೇಕು. ಅದನ್ನಾದರೂ ಹೇಗೋ ಮಾಡಿಬಿಡಬಹುದು. ಆದರೆ ಡಬ್ಬಿ ಕೊಟ್ಟ ದಿನ ನಾದಿನಿ, "ರಕ್ತಪರೀಕ್ಷೆಗೆ ಮುಂಚೆ ನಿಲ್ಲಿಸಿ, ಡಾಕ್ಟರಿಗೂ ಹೇಳಿ ಅತ್ತಿಗೆ," ಅಂದಿದ್ದಳು. ನಾನು ಅವಳ ಮುಖಕ್ಕೇ ನಕ್ಕು, "ತಗೊಂಡ್ರೆ ತಾನೇ ನಿಲ್ಲಿಸೋದು," ಅಂದಿದ್ದೆ.